ನಾಯಿ ಹಿಡಿದ ಕೋಳಿ ಉಳಿಯುತ್ತಾ? ನಮ್ಮ ಹಿತ್ತಲಿನ ಒಂದು ಪ್ರಕರಣ

"ನಾಯಿ ಬಾಯಿಗೆ ಸಿಕ್ಕ ಕೋಳಿ ಉಳಿಯಲ್ಲ, ಜೀವ ಇರುವಾಗಲೇ ಕೊಯ್ದುಬಿಡಿ." ನಮ್ಮ ಕಡೆ ಎಲ್ಲರೂ ಹೇಳುವ ಮಾತು ಇದು. ಕಳೆದ ಜನವರಿಯಲ್ಲಿ ಪಕ್ಕದ ಮನೆಯ ಎರಡು ನಾಯಿಗಳು ನಮ್ಮ ಹಿತ್ತಲಿಗೆ ನುಗ್ಗಿದಾಗ ನಮಗೂ ಇದೇ ಸಲಹೆ ಸಿಕ್ಕಿತು. ಆಗ ನಮ್ಮಲ್ಲಿ ಇದ್ದದ್ದು 11 ಕೋಳಿ. ಸ್ಥಳದಲ್ಲೇ ಸತ್ತದ್ದು 2. ಮಾರನೇ ರಾತ್ರಿ ಇನ್ನೊಂದು ಹೋಯಿತು. ಉಳಿದ 8 ಈಗಲೂ ಓಡಾಡಿಕೊಂಡಿವೆ. ಬೆನ್ನಿನ ಚರ್ಮ ಅಂಗೈ ಅಗಲ ಕಿತ್ತುಹೋಗಿದ್ದ ಕೋಳಿ ಬದುಕಿತು. ಮೈಮೇಲೆ ಒಂದು ಗೀರೂ ಕಾಣದಿದ್ದ ಕೋಳಿ ಸತ್ತಿತು. ಗಾಯ ನೋಡಿ ಕೋಳಿಯ ಹಣೆಬರಹ ಹೇಳಬಾರದು ಅಂತ ನನಗೆ ಅನ್ನಿಸಿದ್ದು ಇದರಿಂದಲೇ. ಹಾಗಾಗಿ ನಡೆದದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. 11ರಲ್ಲಿ ಒಂದು ನಾಟಿ ಹುಂಜ, ಆರು ನಾಟಿ ಹೇಂಟೆ, ನಾಲ್ಕು ಗಿರಿರಾಜ ಹೇಂಟೆ. ನಾಟಿ ಹೇಂಟೆಗಳಲ್ಲಿ ಒಂದು ಹಿಂದಿನ ಜಗುಲಿಯಲ್ಲಿ ಮಂಕರಿಯ ಕೆಳಗೆ ಕಾವಿಗೆ ಕೂತಿತ್ತು. ಗಿರಿರಾಜ ಅಂದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆಂದೇ ಬೆಳೆಸಿದ ತಳಿ. ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ನಾಟಿಗಿಂತ ಎಷ್ಟೋ ಜಾಸ್ತಿ. ಮೈಯೂ ದೊಡ್ಡದು, ತೂಕವೂ ಜಾಸ್ತಿ. ಈ ತೂಕದ ವಿಷಯ ಮುಂದೆ ಬರುತ್ತದೆ, ನೆನಪಿಟ್ಟುಕೊಳ್ಳಿ. ರಾತ್ರಿ ಎಲ್ಲವೂ ಗೂಡಿನಲ್ಲಿ. ಹಗಲು ಹಿತ್ತಲೆಲ್ಲ ಕೆದರಿಕೊಂಡು ಇರುತ್ತವೆ. ಸುತ್ತ ಅಡಿಕೆ ದಬ್ಬೆಯ ಬೇಲಿ, ಒಳಬರಲು ಅಡ್ಡ ಗಳುಗಳ ಒಂದು ದಣಪೆ. ಅದು ದನ ತಡೆಯುವ ಬೇಲಿ, ನಾಯಿಗೆ ಅದೊಂದು ಲೆಕ್ಕವೇ ಅಲ್ಲ.

ನಾಯಿಗಳ ವಿಷಯವನ್ನೂ ಹೇಳಬೇಕು. ಪಕ್ಕದ ಮನೆಯವರು ಅವುಗಳನ್ನು ಸುಮ್ನೆ ಚೆಂದಕ್ಕೆ ಸಾಕಿದ್ದಲ್ಲ. ಮಂಗಗಳ ಕಾಟ ಮಲೆನಾಡಿನಲ್ಲಿ ತೋಟ ಇಟ್ಟವರಿಗೆಲ್ಲ ಗೊತ್ತು. ಬಾಳೆಗೊನೆ, ಎಳೆ ಅಡಿಕೆ, ಏಲಕ್ಕಿ, ಯಾವುದನ್ನೂ ಬಿಡಲ್ಲ. ಮಂಗ ಓಡಿಸುವುದೇ ಈ ನಾಯಿಗಳ ಕೆಲಸ. ರಾತ್ರಿ ಬಿಡುತ್ತಾರೆ. ಹಗಲು ಕಟ್ಟುತ್ತಾರೆ, ಮಂಗ ಬಂದಾಗ ಮಾತ್ರ ಬಿಡುತ್ತಾರೆ. ಆ ದಿನ ಮಧ್ಯಾಹ್ನ ಅವರ ಬಾಳೆಗೆ ಮಂಗನ ಗುಂಪು ಬಂದಿದೆ. ನಾಯಿ ಬಿಟ್ಟಿದ್ದಾರೆ. ಮಂಗಗಳು ಮರದಿಂದ ಮರಕ್ಕೆ ಹಾರಿ ಕಾಡು ಸೇರಿಕೊಂಡವು. ಓಡುವ ಹುರುಪಿನಲ್ಲಿದ್ದ ನಾಯಿಗಳು ದಣಪೆಯಲ್ಲಿ ನುಸುಳಿ ನಮ್ಮ ಹಿತ್ತಲಿಗೆ ಬಂದವು. ಅಲ್ಲಿ ಓಡುವ ವಸ್ತು ಇನ್ನೂ ಹತ್ತು ಇದ್ದವು.

ಅದು ಅಡಿಕೆ ಕೊಯ್ಲಿನ ಕಾಲ. ಮನೆ ಮುಂದೆ ಸುಲಿಯುವ ಮೆಷಿನ್ ಓಡುತ್ತಿತ್ತು. ಆ ಸದ್ದಿನಲ್ಲಿ ಹಿಂದೆ ಆನೆ ಬಂದರೂ ಕೇಳಿಸಲ್ಲ. ಚಹಾಕ್ಕೆ ಅಂತ ಮೆಷಿನ್ ನಿಲ್ಲಿಸಿದಾಗಲೇ ಕೋಳಿಗಳ ಕೂಗು ಕೇಳಿದ್ದು. ನಾವು ಓಡಿ ಹೋದಾಗ ಒಂದು ನಾಯಿ ಗಿರಿರಾಜ ಹೇಂಟೆಯನ್ನು ಬೆನ್ನಿನ ಮೇಲೆ ಕಚ್ಚಿ ಅಲ್ಲಾಡಿಸುತ್ತಿತ್ತು. ಇನ್ನೊಂದು ಬಾಳೆ ಬುಡದಲ್ಲಿ ಏನನ್ನೋ ಅಟ್ಟಿಸಿಕೊಂಡು ಸುತ್ತುತ್ತಿತ್ತು. ಬಕೆಟ್ ನೀರು ಎರಚಿ ಬಿಡಿಸಿದೆವು. ಕಚ್ಚಿಕೊಂಡಿರುವ ನಾಯಿಗೆ ದೊಣ್ಣೆಯಲ್ಲಿ ಹೊಡೆದರೆ ಅದು ಕೋಳಿಯನ್ನು ಇನ್ನೂ ಬಿಗಿಯಾಗಿ ಕಚ್ಚುವುದೇ ಜಾಸ್ತಿ, ನಮ್ಮ ಕೈಗೂ ಬಾಯಿ ಹಾಕಬಹುದು. ಮುಖಕ್ಕೆ ತಣ್ಣೀರು ಬಿದ್ದರೆ ಬಾಯಿ ಬಿಡುತ್ತದೆ.

ಸತ್ತ ಎರಡೂ ಗಿರಿರಾಜ ಹೇಂಟೆಗಳು. ಒಂದನ್ನೂ ನಾಯಿಗಳು ತಿಂದಿರಲಿಲ್ಲ. ಇದು ನಾಯಿ ದಾಳಿಯ ಗುರುತು. ಮುಂಗುಸಿಯೋ ಕಾಡುಬೆಕ್ಕೋ ಬಂದರೆ ಹೊಟ್ಟೆಪಾಡಿಗೆ ಬರುತ್ತದೆ, ಸಿಕ್ಕಿದ್ದನ್ನು ಎಳೆದುಕೊಂಡು ಹೋಗುತ್ತದೆ. ಸಾಕಿದ ನಾಯಿಗೆ ಮನೆಯಲ್ಲಿ ಊಟ ಇದೆ. ಅದಕ್ಕೆ ಬೇಕಾದದ್ದು ಓಟ. ಕೋಳಿ ಪಟಪಟ ಅಂತ ರೆಕ್ಕೆ ಬಡಿದಷ್ಟೂ ಅದರ ಉಮೇದು ಏರುತ್ತದೆ. ಒಂದು ಕೋಳಿ ಅಲ್ಲಾಡುವುದನ್ನು ನಿಲ್ಲಿಸಿದರೆ ಅದನ್ನು ಬಿಟ್ಟು ಇನ್ನೊಂದರ ಹಿಂದೆ ಓಡುತ್ತದೆ. ಹಾಗಾಗಿಯೇ ಐದು ನಿಮಿಷದಲ್ಲಿ ಇಡೀ ಹಿತ್ತಲು ಖಾಲಿ ಮಾಡಿಬಿಡಬಲ್ಲದು. ಸತ್ತಂತೆ ಬಿದ್ದಿರುವ ಕೋಳಿಗೆ ಜೀವ ಇರುವ ಸಾಧ್ಯತೆಯೂ ಹಾಗಾಗಿಯೇ ಇದೆ.

ಇನ್ನುಳಿದವು ಎಲ್ಲಿ? ಹುಂಜ ಮತ್ತು ಮೂರು ನಾಟಿ ಹೇಂಟೆ ಹಲಸಿನ ಮರದ ಮೇಲೆ. ಕಾವಿನ ಕೋಳಿ ಮಂಕರಿಯಿಂದ ಕದಲಿರಲಿಲ್ಲ. ಬೆನ್ನು ಹರಿದ ಗಿರಿರಾಜ ನಮ್ಮ ಕೈಯಲ್ಲಿ. ಒಂದು ನಾಟಿ ಹೇಂಟೆ ಬಾಳೆ ಬುಡದಲ್ಲಿ ಬಾಯಿ ತೆರೆದು ಉಸಿರಾಡುತ್ತಿತ್ತು. ಇನ್ನೊಂದು ನಾಟಿ ತಾನಾಗಿಯೇ ನಡೆದು ಬಂದು ಗೂಡಿನ ಬಾಗಿಲಲ್ಲಿ ನಿಂತಿತ್ತು. ನಾಲ್ಕನೇ ಗಿರಿರಾಜ ಮಾತ್ರ ಎಲ್ಲೂ ಇಲ್ಲ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಡುಕಿದಾಗ ಸೌದೆ ರಾಶಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡು ಕೂತಿತ್ತು, ಒಂದು ಶಬ್ದವಿಲ್ಲ. ನಾಯಿ ಬಂದುಹೋದ ಮೇಲೆ ಕೋಳಿ ಕಾಣದಿದ್ದರೆ ಸತ್ತಿತು ಅಂತ ಬಿಡಬೇಡಿ. ಹೆದರಿದ ಕೋಳಿ ಅಡಗಿ ಕೂತರೆ ಕರೆದರೂ ಬರಲ್ಲ, ಕೂಗೂ ಹಾಕಲ್ಲ.

ಇಲ್ಲಿ ಲೆಕ್ಕ ನೋಡಿ. ಮರ ಹತ್ತಿದ ನಾಲ್ಕೂ ನಾಟಿ. ಸ್ಥಳದಲ್ಲೇ ಸತ್ತದ್ದು, ಹರಿದದ್ದು, ಸಂದಿಗೆ ಸೇರಿದ್ದು, ಎಲ್ಲವೂ ಗಿರಿರಾಜ. ಭಾರದ ಮೈಗೆ ಹಾರಲು ಬರಲ್ಲ. ಮೊಟ್ಟೆಯ ಲೆಕ್ಕ ಹಾಕಿ ಕೋಳಿ ತರುವಾಗ ನಾವು ಇದನ್ನು ಯೋಚಿಸುವುದೇ ಇಲ್ಲ, ಅಲ್ವಾ? ಹೆಬ್ಬಾಳದವರದ್ದೇ ಆದ ಸ್ವರ್ಣಧಾರಾ ತಳಿ ಗಿರಿರಾಜಕ್ಕಿಂತ ಹಗುರ, ಮೊಟ್ಟೆಯೂ ಜಾಸ್ತಿ, ವರ್ಷಕ್ಕೆ 180ರಿಂದ 190. ಹಗುರ ಇರುವುದರಿಂದ ಕಾಡುಬೆಕ್ಕು, ನರಿಗಳಿಂದ ತಪ್ಪಿಸಿಕೊಳ್ಳುವುದು ಅದಕ್ಕೆ ಸುಲಭ. ಸುತ್ತ ನಾಯಿ ಇರುವ ಹಿತ್ತಲಿಗೆ ನಾನಂತೂ ಇನ್ನು ಭಾರದ ಕೋಳಿ ತರಲ್ಲ.

ಮೊದಲ ಎರಡು ಗಂಟೆ

ಗಾಯಕ್ಕೆ ಅರಿಶಿನ ಮೆತ್ತುವುದು ಎಲ್ಲರಿಗೂ ಮೊದಲು ಹೊಳೆಯುವ ಕೆಲಸ. ಆದರೆ ನಾಯಿ ಬಿಟ್ಟ ಕೋಳಿ ಮೊದಲ ಗಂಟೆಗಳಲ್ಲಿ ಸಾಯುವುದು ಗಾಯದ ಕೀವಿನಿಂದಲ್ಲ. ಆಘಾತದಿಂದ, ಮತ್ತು ರಕ್ತ ಹೋಗುವುದರಿಂದ. ಒಂದೂವರೆ ಕೆಜಿ ಕೋಳಿಯ ಮೈಯಲ್ಲಿ ಇರುವ ರಕ್ತವೇ ಸುಮಾರು 100 ಮಿ.ಲೀ. ಅರ್ಧ ಲೋಟ. ಕೋಳಿಯ ಮೈಬಿಸಿ ನಮಗಿಂತ ಜಾಸ್ತಿ, 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆಘಾತವಾದಾಗ ಅದು ಇಳಿಯುತ್ತದೆ. ಗರಿ ಕಿತ್ತುಹೋಗಿದ್ದರೆ ಇನ್ನೂ ಬೇಗ ಇಳಿಯುತ್ತದೆ. ಹಾಗಾಗಿ ಬೆಚ್ಚಗೆ, ಕತ್ತಲಲ್ಲಿ, ಸದ್ದಿಲ್ಲದ ಕಡೆ ಇಡುವುದೇ ಮೊದಲ ಚಿಕಿತ್ಸೆ.

ಮಲೆನಾಡಿನ ಜನವರಿ ರಾತ್ರಿಯ ಚಳಿ ಕೇಳಬೇಕೆ? ನಮ್ಮಲ್ಲಿ ಬಚ್ಚಲು ಒಲೆ ದಿನವಿಡೀ ಆರುವುದಿಲ್ಲ. ಆದರೆ ಬಚ್ಚಲೊಳಗೆ ಹೊಗೆ. ಕೋಳಿಯ ಉಸಿರಾಟಕ್ಕೆ ಹೊಗೆ ಒಳ್ಳೆಯದಲ್ಲ. ಒಲೆಯ ಗೋಡೆಯ ಆಚೆ ಬದಿಗೆ, ಗೋಡೆ ಬೆಚ್ಚಗಿರುವ ಕಡೆ ರಟ್ಟಿನ ಪೆಟ್ಟಿಗೆಗಳನ್ನು ಇಟ್ಟೆವು. ಒಂದೊಂದು ಕೋಳಿಗೆ ಒಂದೊಂದು. ಕೆಳಗೆ ಹಳೇ ಪಂಚೆ ಹಾಸಿದೆವು, ಹುಲ್ಲಲ್ಲ. ಹುಲ್ಲು ಗಾಯಕ್ಕೆ ಅಂಟುತ್ತದೆ, ಬಟ್ಟೆಯ ಮೇಲೆ ರಕ್ತ ಎಷ್ಟು ಹೋಗುತ್ತಿದೆ ಅಂತಲೂ ಕಾಣುತ್ತದೆ. ಕುಡಿಯಲು ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲ ಹಾಕಿದ ಉಗುರುಬೆಚ್ಚಗಿನ ನೀರು. ಬಾಯಿ ತೆರೆದು ಸುರಿಯಬಾರದು, ಉಸಿರ್ನಾಳಕ್ಕೆ ಹೋದರೆ ಅಲ್ಲಿಗೆ ಮುಗಿಯಿತು. ಕೊಕ್ಕಿನ ಪಕ್ಕಕ್ಕೆ ಬೆರಳಿಂದ ಒಂದು ಹನಿ ಮುಟ್ಟಿಸಿದರೆ ತಾನೇ ನುಂಗುತ್ತದೆ.

ಕೋಳಿ ಹಿಡಿಯುವ ಕ್ರಮವೂ ಮುಖ್ಯ. ಕೋಳಿಗೆ ನಮ್ಮ ಹಾಗೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಡಿಸುವ ಸ್ನಾಯು, ಇಲ್ಲ. ಎದೆಗೂಡು ಮೇಲೆ ಕೆಳಗೆ ಆಡಿದರಷ್ಟೇ ಅದಕ್ಕೆ ಉಸಿರು. ಎದೆ ಒತ್ತಿ ಹಿಡಿದರೆ, ಗಾಯ ಎಷ್ಟೇ ಸಣ್ಣದಿದ್ದರೂ, ನಮ್ಮ ಕೈಯಲ್ಲೇ ಉಸಿರುಗಟ್ಟುತ್ತದೆ. ಟವೆಲ್‌ನಲ್ಲಿ ಸಡಿಲವಾಗಿ ಸುತ್ತಿ, ತಲೆ ಮುಚ್ಚಿ, ತೊಡೆಯ ಮೇಲೆ ಕೂರಿಸಿಕೊಳ್ಳುವುದು ಸರಿ.

ಆಮೇಲೆ ಗರಿ ಎತ್ತಿ ನೋಡುವ ಕೆಲಸ. ಇದನ್ನು ಎಲ್ಲ ಕೋಳಿಗೂ ಮಾಡಿದೆವು, ಮರದಿಂದ ಇಳಿದು ಬಂದವಕ್ಕೂ. ಗರಿಯ ಹೊದಿಕೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ನಾಯಿಯ ಕೋರೆಹಲ್ಲು ತೂರಿದ ತೂತು ಹೊರಗಿನಿಂದ ಅವರೆಕಾಳಿಗಿಂತ ದೊಡ್ಡದಿರುವುದಿಲ್ಲ, ಒಳಗೆ ಎಷ್ಟು ಆಳ ಅಂತ ದೇವರಿಗೇ ಗೊತ್ತು. ಗರಿಯ ವಿರುದ್ಧ ದಿಕ್ಕಿಗೆ ಊದುತ್ತಾ ಹೋದರೆ ಚರ್ಮ ಕಾಣುತ್ತದೆ. ರೆಕ್ಕೆಯ ಅಡಿ, ತೊಡೆಯ ಒಳಭಾಗ, ಬಾಲದ ಬುಡ, ಈ ಮೂರು ಜಾಗ ತಪ್ಪಿಸಬಾರದು. ಹುಂಜಕ್ಕೆ ಬಾಲವೇ ಇರಲಿಲ್ಲ, ಒಂದು ಗರಿಯೂ ಉಳಿದಿರಲಿಲ್ಲ. ಗಾಯ ಮಾತ್ರ ಇಲ್ಲ. ಹಿಂದಿನಿಂದ ಹಿಡಿದಾಗ ಹಕ್ಕಿಗಳು ಬಾಲದ ಗರಿ ಒಮ್ಮೆಲೇ ಕಳಚಿ ತಪ್ಪಿಸಿಕೊಳ್ಳುವುದುಂಟು. ನಾಯಿ ಬಾಯಿಗೆ ಗರಿ ಸಿಕ್ಕಿತು, ಹುಂಜ ಮರ ಹತ್ತಿತು.

ಬೆನ್ನು ಹರಿದ ಗಿರಿರಾಜ

ಬೆನ್ನಿನ ನಡುವಿನಿಂದ ಬಾಲದವರೆಗೆ ಚರ್ಮ ಎದ್ದು ಒಂದು ಪಕ್ಕಕ್ಕೆ ಮಡಚಿಕೊಂಡಿತ್ತು. ಕೆಳಗೆ ಮಾಂಸ ಗುಲಾಬಿ ಬಣ್ಣಕ್ಕೆ ಕಾಣುತ್ತಿತ್ತು. ನೋಡಿದವರೆಲ್ಲ ತಲೆ ಅಲ್ಲಾಡಿಸಿದರು. ಆದರೆ ರಕ್ತ ಹೆಚ್ಚು ಹೋಗಿರಲಿಲ್ಲ. ಹೊಟ್ಟೆ, ಎದೆಗೆ ಹಲ್ಲು ತಾಗಿರಲಿಲ್ಲ. ಕಣ್ಣು ಚುರುಕಾಗಿತ್ತು. ಕೋಳಿಯ ಚರ್ಮ ತೆಳು, ಕೆಳಗಿನ ಮಾಂಸಕ್ಕೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಹಾಗಾಗಿ ಬೇಗ ಹರಿಯುತ್ತದೆ, ನೋಡಲು ಭಯಂಕರ ಕಾಣುತ್ತದೆ. ಮಾಂಸ, ಮೂಳೆ, ಒಳಗಿನ ಅಂಗ ಸರಿ ಇದ್ದರೆ ಇದು ವಾಸಿಯಾಗುವ ಗಾಯ.

ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಚಮಚ ಉಪ್ಪು ಹಾಕಿ, ಸೂಜಿ ತೆಗೆದ ಸಿರಿಂಜಿನಲ್ಲಿ ಗಾಯದೊಳಗೆ ಹಾಯಿಸಿ ಹಾಯಿಸಿ ತೊಳೆದೆವು. ಮಣ್ಣು, ಅಡಿಕೆ ಸಿಪ್ಪೆಯ ನಾರು, ತುಂಡಾದ ಗರಿ, ಎಲ್ಲ ಬಂತು. ಸುತ್ತಲಿನ ಗರಿಯನ್ನು ಕತ್ತರಿಯಲ್ಲಿ ಬುಡಕ್ಕೆ ಕತ್ತರಿಸಿದೆವು. ಕೀಳಲಿಲ್ಲ, ಕಿತ್ತರೆ ಹರಿದ ಚರ್ಮ ಇನ್ನಷ್ಟು ಹರಿಯುತ್ತದೆ. ಕೊನೆಗೆ ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರು ಮಾಡಿ ಹಾಕಿದೆವು. ಮನೆಯಲ್ಲಿದ್ದ ಮುಲಾಮು ಯಾವುದನ್ನೂ ಹಚ್ಚಲಿಲ್ಲ. ನೋವು ಮರಗಟ್ಟಿಸುವ ಔಷಧಿ ಬೆರೆತ ಮುಲಾಮುಗಳು ಹಕ್ಕಿಗಳಿಗೆ ಅಪಾಯ ಮಾಡಬಲ್ಲವು.

ಮಾರನೇ ಬೆಳಿಗ್ಗೆ ಸರ್ಕಾರಿ ಪಶು ಆಸ್ಪತ್ರೆಗೆ ಮೂರು ಪೆಟ್ಟಿಗೆ ತಗೊಂಡು ಹೋದೆವು. ಕೋಳಿಗೆ ಅಂತ ಅಷ್ಟು ದೂರ ಬಂದಿದ್ದಕ್ಕೆ ಸಾಲಿನಲ್ಲಿ ಎಮ್ಮೆ ಹಿಡಿದು ನಿಂತವರೊಬ್ಬರು ನಕ್ಕರು. ಡಾಕ್ಟರು ನಗಲಿಲ್ಲ. ಮುಂದಿನ ಭಾಗಕ್ಕೆ ಸಡಿಲವಾಗಿ ಕೆಲವೇ ಹೊಲಿಗೆ ಹಾಕಿ, ಬಾಲದ ಕಡೆ ಬೇಕೆಂದೇ ತೆರೆದು ಬಿಟ್ಟರು. ನಾಯಿ ಬಾಯಲ್ಲಿ ಪಾಶ್ಚುರೆಲ್ಲಾ ಸೇರಿ ನೂರೆಂಟು ಬ್ಯಾಕ್ಟೀರಿಯಾ ಇರುತ್ತವೆ. ಕಚ್ಚಿದ ಗಾಯವನ್ನು ಪೂರ್ತಿ ಹೊಲಿದರೆ ಅವನ್ನೆಲ್ಲ ಒಳಗೆ ಕೂಡಿಹಾಕಿದ ಹಾಗೆ. ಆಂಟಿಬಯೋಟಿಕ್ ಕೊಟ್ಟರು, ನೋವಿಗೆ ಮೆಲೋಕ್ಸಿಕಾಮ್ ಕೊಟ್ಟರು. ಮನೆಯಲ್ಲಿರುವ ನೋವಿನ ಮಾತ್ರೆ ಪುಡಿ ಮಾಡಿ ಹಾಕುವವರು ಇದ್ದಾರೆ, ಹಾಗೆ ಮಾಡಬೇಡಿ. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ ಕೊಟ್ಟ ದನದ ಹೆಣ ತಿಂದೇ ದೇಶದ ಬಹುಪಾಲು ರಣಹದ್ದುಗಳು ನಾಶವಾದದ್ದು. ಪಶುಗಳಿಗೆ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಿದರು. ನಮಗೆ ಆಗಿಬರುವ ಔಷಧಿ ಹಕ್ಕಿಗೂ ಆಗಿಬರಬೇಕು ಅಂತ ಏನಿಲ್ಲ. ಇನ್ನೊಂದು ಮಾತನ್ನು ಡಾಕ್ಟರು ಎರಡು ಸಲ ಹೇಳಿದರು. ಔಷಧಿ ನಡೆಯುವಾಗಲೂ, ನಿಲ್ಲಿಸಿ ಅವರು ಹೇಳಿದಷ್ಟು ದಿನದವರೆಗೂ, ಆ ಕೋಳಿಯ ಮೊಟ್ಟೆ ತಿನ್ನಬಾರದು, ಮಾರಬಾರದು.

ನಿಜವಾದ ಕಷ್ಟ ಇದ್ದದ್ದು ನೊಣದ್ದು. ಗೋಡೆಯ ಆಚೆ ದನದ ಕೊಟ್ಟಿಗೆ. ಪೆಟ್ಟಿಗೆಗೆ ಸೊಳ್ಳೆಪರದೆ ಹೊದಿಸಿದ್ದರೂ ಮೂರನೇ ದಿನ ಗಾಯದ ಅಂಚಿನ ಗರಿ ಬುಡದಲ್ಲಿ ಬೆಳ್ಳಗೆ ಸಣ್ಣ ಸಣ್ಣ ಕಡ್ಡಿಗಳು ಗುಂಪಾಗಿ ಅಂಟಿದ್ದವು. ನೊಣದ ಮೊಟ್ಟೆ. ಒಂದು ದಿನ ಬಿಟ್ಟರೆ ಹುಳ. ಆ ಗರಿಗಳನ್ನು ಕತ್ತರಿಸಿ, ಸೀರು ಬಾಚಣಿಗೆಯಲ್ಲಿ ಬಾಚಿ ತೆಗೆದು, ಮತ್ತೆ ತೊಳೆದೆವು. ಗಾಯದ ಸುತ್ತಲಿನ ಗರಿಗೆ ಮಾತ್ರ ಬೇವಿನೆಣ್ಣೆ ಸವರಿದೆವು. ಬೆಳಿಗ್ಗೆ ಸಂಜೆ ಎರಡು ಹೊತ್ತೂ ನೋಡದೇ ಇದ್ದಿದ್ದರೆ ಈ ಕೋಳಿ ಹುಳ ಬಿದ್ದೇ ಸಾಯುತ್ತಿತ್ತು.

ಕೀವಿನ ಬಗ್ಗೆಯೂ ಒಂದು ಮಾತು. ಕೋಳಿಯ ಕೀವು ದನದ ಕೀವಿನ ಹಾಗೆ ಹರಿಯಲ್ಲ, ಗಿಣ್ಣಿನ ಚೂರಿನ ಹಾಗೆ ಹಳದಿಯಾಗಿ ಗಟ್ಟಿ ಕಟ್ಟುತ್ತದೆ. ಹಿಂಡಿದರೆ ಬರಲ್ಲ. ಉಪ್ಪುನೀರಲ್ಲಿ ನೆನೆಸಿ ನಿಧಾನಕ್ಕೆ ತೆಗೆಯಬೇಕು. ಮಡಚಿಕೊಂಡಿದ್ದ ಚರ್ಮದ ತುದಿ ಕಪ್ಪಾಗಿ ಒಣಗಿತು, ಎರಡು ವಾರದಲ್ಲಿ ಉದುರಿತು. ಅದರ ಕೆಳಗೆ ಕೆಂಪಗೆ ಹೊಸ ಮಾಂಸ ಬಂದಿತ್ತು, ಅಂಚಿನಿಂದ ಚರ್ಮ ಒಳಕ್ಕೆ ಬೆಳೆಯುತ್ತಾ ಬಂತು. ಪೂರ್ತಿ ಮುಚ್ಚಲು ಸುಮಾರು ಆರು ವಾರ ಬೇಕಾಯಿತು. ಈ ಸಮಯದಲ್ಲಿ ರಾಗಿ, ನುಚ್ಚಿನ ಜೊತೆ ಬೇಯಿಸಿದ ಮೊಟ್ಟೆಯನ್ನೂ ಪುಡಿ ಮಾಡಿ ಹಾಕುತ್ತಿದ್ದೆವು. ಕೋಳಿಗೆ ಮೊಟ್ಟೆಯಾ ಅಂತ ಮೂಗು ಮುರಿಯಬೇಡಿ, ಗಾಯ ತುಂಬಲು ಅದಕ್ಕಿಂತ ಒಳ್ಳೆ ಆಹಾರ ಮನೆಯಲ್ಲಿ ಬೇರೆ ಇಲ್ಲ.

ಗಾಳಿ ತುಂಬಿದ ಕೋಳಿ, ಮತ್ತು ಉಳಿಯದ ಕೋಳಿ

ಬಾಳೆ ಬುಡದ ನಾಟಿ ಹೇಂಟೆಗೆ ರೆಕ್ಕೆಯಡಿ ಒಂದೇ ಒಂದು ತೂತು. ಬೆಳಗಾಗುವಷ್ಟರಲ್ಲಿ ಆ ಪಕ್ಕವೆಲ್ಲ ಊದಿಕೊಂಡಿತ್ತು. ಮುಟ್ಟಿದರೆ ಚರ್ಮದ ಕೆಳಗೆ ಚರಚರ ಅನ್ನುವ ಅನುಭವ. ನೀರಲ್ಲ, ಗಾಳಿ. ಹಕ್ಕಿಗಳ ಮೈಯೊಳಗೆ ಶ್ವಾಸಕೋಶದ ಜೊತೆ ಗಾಳಿಚೀಲಗಳು ಇರುತ್ತವೆ. ಹಲ್ಲು ಅದನ್ನು ತೂತು ಮಾಡಿದರೆ ಪ್ರತಿ ಉಸಿರಿಗೂ ಸ್ವಲ್ಪ ಗಾಳಿ ಚರ್ಮದಡಿ ಸೋರುತ್ತದೆ. ಡಾಕ್ಟರು ಸೂಜಿಯಲ್ಲಿ ಗಾಳಿ ಎಳೆದರು. ಮತ್ತೆ ತುಂಬಿತು, ಮತ್ತೆ ಎಳೆಸಿಕೊಂಡು ಬಂದೆವು. ಹತ್ತು ದಿನದ ಹೊತ್ತಿಗೆ ತೂತು ತಾನೇ ಮುಚ್ಚಿತು. ಅಷ್ಟರವರೆಗೂ ಅದನ್ನು ಹಾರಲು, ಓಡಲು ಬಿಡದೆ ಇಟ್ಟಿದ್ದಷ್ಟೇ ನಾವು ಮಾಡಿದ್ದು.

ತಾನಾಗಿ ನಡೆದು ಬಂದಿದ್ದ ಹೇಂಟೆಯ ಕತೆ ಬೇರೆ. ಗರಿ ಎತ್ತಿ ನೋಡಿದಾಗ ಗಾಯವಿಲ್ಲ. ತೊಡೆಯ ಹತ್ತಿರ ಸ್ವಲ್ಪ ನೀಲಿಗಟ್ಟಿದ ಜಾಗ, ಅಷ್ಟೇ. ಸಂಜೆ ಎರಡು ಕಾಳು ತಿಂದಿತು ಕೂಡ. ಆದರೆ ಜುಟ್ಟು ಬಿಳಿಚಿತ್ತು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಅದಕ್ಕೇ ಆಸ್ಪತ್ರೆಗೆ ಹೋಗುವಾಗ ಇದನ್ನೂ ಒಯ್ದಿದ್ದು. ಡಾಕ್ಟರು ಹೊಟ್ಟೆ ಮುಟ್ಟಿ ನೋಡಿ, ಒಳಗೆ ರಕ್ತ ಹೋಗುತ್ತಿರಬಹುದು, ಕಾದು ನೋಡಿ ಅಂದರು. ರಾತ್ರಿ ಸತ್ತಿತು. ಮಾರನೇ ದಿನ ಅವರೇ ಕೊಯ್ದು ತೋರಿಸಿದರು. ಪಿತ್ತಜನಕಾಂಗ ಸೀಳಿತ್ತು, ಹೊಟ್ಟೆ ತುಂಬ ಹೆಪ್ಪುಗಟ್ಟಿದ ರಕ್ತ. ನಾಯಿ ಹಲ್ಲು ಊರಿರಲಿಲ್ಲ, ದವಡೆಯಲ್ಲಿ ಅಮುಕಿತ್ತು. ಇಂಥದ್ದಕ್ಕೆ ಹಳ್ಳಿಯಲ್ಲಿ ಯಾರೂ ಏನೂ ಮಾಡಲು ಆಗಲ್ಲ. ಆದರೆ ಬಿಳಿಚಿದ ಜುಟ್ಟು, ಆಡುವ ಬಾಲ, ಇವೆರಡು ಕಂಡರೆ ಗಾಯವಿಲ್ಲ ಅಂತ ಸಮಾಧಾನ ಪಡಬೇಡಿ.

ಸತ್ತ ಮೂರನ್ನೂ ಆಳವಾಗಿ ಹೂತೆವು. "ಹೊಸದಾಗಿ ಸತ್ತದ್ದು, ಸಾರು ಮಾಡಬಹುದಿತ್ತು" ಅಂದವರಿದ್ದರು. ನಾಯಿ ಕಚ್ಚಿದ್ದರ ಮಾಂಸ ಬೇಡ. ರೇಬೀಸ್ ಬಗ್ಗೆ ಎಲ್ಲರೂ ಕೇಳಿದರು. ಅದು ಸಸ್ತನಿಗಳ ರೋಗ, ಕೋಳಿಯಿಂದ ಹರಡುವ ಭಯ ಇಲ್ಲ. ಆದರೆ ಕೋಳಿಯ ಗರಿಯ ಮೇಲೆ ನಾಯಿಯ ಹಸಿ ಜೊಲ್ಲು ಇರುತ್ತದೆ, ಅಡಿಕೆ ಕಾಲದಲ್ಲಿ ನಮ್ಮ ಕೈ ತುಂಬ ಗೀರು. ಹಾಗಾಗಿ ಎಲ್ಲರೂ ಸೋಪು ಹಾಕಿ 15 ನಿಮಿಷ ಕೈ ತೊಳೆದೆವು, ಪಕ್ಕದ ಮನೆಯಿಂದ ನಾಯಿಗಳ ಲಸಿಕೆಯ ಚೀಟಿ ತರಿಸಿ ನೋಡಿದೆವು. ಲಸಿಕೆ ಆಗಿತ್ತು. ಆದರೂ ಗೀರಿದ್ದವರು ಆರೋಗ್ಯ ಕೇಂದ್ರದಲ್ಲಿ ಒಂದು ಮಾತು ಕೇಳಿಕೊಂಡು ಬಂದರು.

ಗುಂಪಿಗೆ ವಾಪಸ್ ಬಿಡುವುದೂ ಸಲೀಸಲ್ಲ. ಕೆಂಪು ಕಂಡರೆ ಕೋಳಿಗಳೇ ಕುಕ್ಕುತ್ತವೆ, ನಾಯಿ ಬಿಟ್ಟ ಗಾಯವನ್ನು ಜೊತೆಯವು ಮುಗಿಸುತ್ತವೆ. ತುಂಬ ದಿನ ಕಣ್ಮರೆಯಾದರೆ ಮತ್ತೆ ಹೊಸಬರು ಅಂತ ಹೊಡೆದಾಟ. ವಾರ ಕಳೆದ ಮೇಲೆ ಗೂಡಿನ ಪಕ್ಕದಲ್ಲೇ ತಂತಿ ಪಂಜರದಲ್ಲಿ ಇಟ್ಟೆವು, ಕಾಣಬೇಕು, ಕುಕ್ಕಲು ಆಗಬಾರದು. ಗಾಯ ಮುಚ್ಚಿದ ಮೇಲೆ ಒಂದು ರಾತ್ರಿ ಕತ್ತಲಲ್ಲಿ ಉಳಿದವುಗಳ ನಡುವೆ ಕೂರಿಸಿದೆವು. ಬೆಳಿಗ್ಗೆ ಸಣ್ಣ ಜಗಳ ಆಯಿತು, ಮುಗಿಯಿತು. ಮೊಟ್ಟೆ ಮಾತ್ರ ಎಲ್ಲ ಕೋಳಿಗಳದ್ದೂ ನಿಂತಿತ್ತು, ಪೆಟ್ಟಾಗದವುಗಳದ್ದೂ. ಮೂರು ವಾರದ ಮೇಲೆ ಸಂದಿಯಲ್ಲಿ ಅಡಗಿದ್ದ ಗಿರಿರಾಜ ಮೊದಲ ಮೊಟ್ಟೆ ಇಟ್ಟಿತು, ಸಿಪ್ಪೆ ತೆಳುವಾಗಿತ್ತು. ಹುಂಜಕ್ಕೆ ಬಾಲ ಎರಡು ತಿಂಗಳಲ್ಲಿ ಬಂತು. ಬುಡಸಮೇತ ಹೋದ ಗರಿ ಬೇಗ ಬರುತ್ತದೆ, ಅರ್ಧಕ್ಕೆ ಮುರಿದದ್ದು ಮುಂದಿನ ಗರಿ ಉದುರುವ ಕಾಲದವರೆಗೂ ಹಾಗೇ ಇರುತ್ತದೆ. ಹರಿದ ಬೆನ್ನಿನ ಗಿರಿರಾಜಕ್ಕೆ ಆ ಜಾಗ ಈಗಲೂ ಬೋಳು.

ಪಕ್ಕದ ಮನೆಯ ಜೊತೆ ಮಾತುಕತೆ

ಊರಿನವರ ಸಲಹೆಗಳಿಗೆ ಬರವಿರಲಿಲ್ಲ. ಸತ್ತ ಕೋಳಿಯನ್ನು ನಾಯಿಯ ಕುತ್ತಿಗೆಗೆ ಕಟ್ಟಿ ಅಂತ ಒಬ್ಬರು. ಅದರಿಂದ ನಾಯಿ ಕಲಿಯುವುದು ಏನೂ ಇಲ್ಲ. ವಿಷ ಹಾಕಿ ಅಂತ ಇನ್ನೊಬ್ಬರು ಪಿಸುಗುಟ್ಟಿದರು. ಪ್ರಾಣಿಗೆ ವಿಷ ಹಾಕುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಅಪರಾಧ, ಐದು ವರ್ಷದವರೆಗೆ ಜೈಲು ಇದೆ. ಪೊಲೀಸ್ ದೂರು ಕೊಡಿ ಅಂದವರೂ ಇದ್ದರು. ಸಾಕುಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯಕ್ಕೆ 291ನೇ ಕಲಂ ಇದೆ, ಆದರೆ ಅದು ಮನುಷ್ಯರಿಗೆ ಜೀವದ ಅಥವಾ ತೀವ್ರ ಗಾಯದ ಅಪಾಯ ಇರುವಾಗಿನದು. ಕೋಳಿ ಸತ್ತದ್ದಕ್ಕೆ ಅದು ಹೊಂದಲ್ಲ. ವರ್ಷಪೂರ್ತಿ ಒಂದೇ ಹಳ್ಳದ ನೀರು ಹಂಚಿಕೊಳ್ಳುವ ಮನೆಗಳ ನಡುವೆ ಕಾಗದದ ಜಗಳ ಯಾಕೆ ಅಂತ ನಾವು ಎದುರು ಕೂತು ಮಾತಾಡಿದೆವು.

ಅವರು ತಕರಾರು ಮಾಡಲಿಲ್ಲ. ಡಾಕ್ಟರಿಗೆ, ಔಷಧಿಗೆ ಆದ ಖರ್ಚು ಕೊಟ್ಟರು, ಮೊಟ್ಟೆಗೆ ಬಂದ ಎರಡು ನಾಟಿ ಹೇಂಟೆ ಕೊಟ್ಟರು. ನಾಯಿಗಳಿಗೆ ಎರಡು ಮರದ ನಡುವೆ ಉದ್ದಕ್ಕೆ ತಂತಿ ಕಟ್ಟಿ, ಚೈನು ಅದರ ಮೇಲೆ ಜಾರುವ ಹಾಗೆ ಮಾಡಿದರು. ಓಡಬಹುದು, ಬೊಗಳಬಹುದು, ಬೇಲಿ ದಾಟಲು ಆಗಲ್ಲ. ನಮ್ಮ ಕಡೆಯಿಂದ ಗೂಡಿನ ಮುಂದೆ ಆರಡಿ ಎತ್ತರದ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿ ಜಾಲರಿ) ಆವರಣ ಆಯಿತು. ಮಾಮೂಲಿ ಕೋಳಿ ಜಾಲರಿ ಕೋಳಿಯನ್ನು ಒಳಗಿಡಲು ಸಾಕು, ನಾಯಿಯನ್ನು ಹೊರಗಿಡಲು ಸಾಲದು, ಹಲ್ಲಲ್ಲೇ ಹರಿಯುತ್ತದೆ. ನಾಯಿ ಬುಡ ಕೆದರಿ ನುಗ್ಗದಿರಲಿ ಅಂತ ಹೊರಗೆ ಒಂದೂವರೆ ಅಡಿ ಅಗಲ ಮೆಶ್ ಅನ್ನು ನೆಲಕ್ಕೆ ಹಾಸಿ ಜಂಬಿಟ್ಟಿಗೆ ಕಲ್ಲು ಹೇರಿದೆವು. ಸಂಜೆ ಯಾರಾದರೂ ಹಿತ್ತಲಲ್ಲಿ ಇರುವಾಗ ಮಾತ್ರ ಕೋಳಿಗಳಿಗೆ ಹೊರಗೆ ಬಿಡುಗಡೆ. ಹಲಸಿನ ಮರಕ್ಕೆ ಒಂದು ಓರೆ ಏಣಿಯನ್ನೂ ಒರಗಿಸಿಟ್ಟಿದ್ದೇವೆ, ಉಳಿದ ಎರಡು ಗಿರಿರಾಜಕ್ಕೆ.

ಪಕ್ಕದ ಮನೆಯ ತಂತಿಯದ್ದು ಒಂದೇ ತಾಪತ್ರಯ. ಚೈನು ಎಲ್ಲಿಯವರೆಗೆ ಬರುತ್ತದೆ ಅಂತ ಮಂಗಗಳು ಅಳೆದುಬಿಟ್ಟಿವೆ. ನಾಯಿ ಬೊಗಳುತ್ತಿದ್ದರೂ ಅದರಾಚೆಯ ಸಾಲಿನ ಬಾಳೆಗೊನೆ ಬಿಡಿಸಿ ತಿನ್ನುತ್ತವೆ. ತೋಟದ ಕೆಳಗಿನ ಅಂಚಿಗೆ ಇನ್ನೊಂದು ತಂತಿ ಎಳೆಯುವ ಮಾತು ನಡೆದಿದೆ, ಅರ್ಧ ಖರ್ಚು ನಾವೂ ಹಾಕುತ್ತೇವೆ ಅಂದಿದ್ದೇವೆ.